ತೊಳೆಯುವುದನ್ನು ನಿಲ್ಲಿಸಿದೆ, ಮೀನು ಉಳಿದವು

ನಮ್ಮ ಮನೆ ಮುಂಬೈಯ ಮುಲುಂಡಿನಲ್ಲಿ. ಹಾಲ್‌ನ ಗೋಡೆ ಪಕ್ಕ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮೀನಿನ ಟ್ಯಾಂಕ್ ಇಟ್ಟಿದ್ದೆವು. ಲೆಕ್ಕಕ್ಕೆ 56 ಲೀಟರ್. ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಹಿಡಿಯುವುದು 45-50 ಲೀಟರ್ ಅಷ್ಟೇ. ಮಗಳಿಗೆಂದು ಕ್ರಾಫರ್ಡ್ ಮಾರ್ಕೆಟ್‌ನಿಂದ ನಾಲ್ಕು ಗೋಲ್ಡ್‌ಫಿಶ್ ತಂದೆವು. ಲೋಕಲ್ ಟ್ರೈನ್‌ನಲ್ಲಿ ಆ ಪ್ಲಾಸ್ಟಿಕ್ ಚೀಲವನ್ನು ಅವಳು ಮುಲುಂಡ್ ಬರುವವರೆಗೂ ಕೆಳಗಿಡಲಿಲ್ಲ.

ಮೊದಲ ವರ್ಷ ಮೀನು ಸಾಯುವುದು, ಹೊಸದು ತರುವುದು, ಮತ್ತೆ ಸಾಯುವುದು. ನಮ್ಮ ಬಿಲ್ಡಿಂಗ್‌ನಲ್ಲಿ ಟ್ಯಾಂಕ್ ಇರುವ ಮನೆಗಳಿಗೆಲ್ಲ ತಿಂಗಳಿಗೊಮ್ಮೆ ಒಬ್ಬ ಹುಡುಗ ಬಂದು ತೊಳೆದುಕೊಡುತ್ತಿದ್ದ. ಮೀನನ್ನು ಬಕೆಟ್‌ಗೆ ಹಾಕುತ್ತಿದ್ದ. ನೀರನ್ನೆಲ್ಲ ಚೆಲ್ಲುತ್ತಿದ್ದ. ಕಲ್ಲನ್ನು ನಲ್ಲಿ ಕೆಳಗೆ ತಿಕ್ಕಿ, ಫಿಲ್ಟರ್‌ನ ಸ್ಪಂಜನ್ನು ಕಂದು ಬಣ್ಣ ಪೂರ್ತಿ ಹೋಗುವವರೆಗೆ ಹಿಂಡುತ್ತಿದ್ದ. ಅವನು ಹೋದ ಮೇಲೆ ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು. ನೋಡಲು ಖುಷಿಯಾಗುತ್ತಿತ್ತು.

ಅವನಿಗೆ ಕೊಟ್ಟ ದುಡ್ಡನ್ನು ಹಾಲಿನ ಲೆಕ್ಕದ ಕ್ಯಾಲೆಂಡರ್‌ನಲ್ಲೇ ಬರೆದಿಡುತ್ತಿದ್ದೆ. ಮೀನು ಸತ್ತ ದಿನ ಮಗಳು ಅದೇ ಕ್ಯಾಲೆಂಡರ್‌ನಲ್ಲಿ ಒಂದು ಸಣ್ಣ ಮೀನು ಬಿಡಿಸುತ್ತಿದ್ದಳು. ವರ್ಷದ ಕೊನೆಗೆ ಕ್ಯಾಲೆಂಡರ್ ಬದಲಿಸುವಾಗ ಹಾಳೆಗಳನ್ನು ಮಗುಚಿದೆ. ಅವಳು ಬಿಡಿಸಿದ ಮೀನುಗಳೆಲ್ಲ ತೊಳೆದ ದಿನದ ಆಚೆಗೆ ಮೂರು, ನಾಲ್ಕು, ಐದು ದಿನದೊಳಗೇ ಇದ್ದವು. ಆಮೇಲಿನ ಮೂರು ವಾರ ಖಾಲಿ.

ಅಲ್ಲಿಂದ ನಾನು ಓದಲು ಶುರು ಮಾಡಿದೆ. ವಿಷಯ ಸರಳ. ಮೀನಿನ ಕಿವಿರಿನಿಂದಲೂ ಹಿಕ್ಕೆಯಿಂದಲೂ ಮಿಕ್ಕ ಆಹಾರದಿಂದಲೂ ನೀರಿಗೆ ಅಮೋನಿಯ ಸೇರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ತೀರಾ ಏರದಂತೆ ನೋಡಿಕೊಂಡರೆ ಮೀನಿಗೆ ತೊಂದರೆ ಕಡಿಮೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡಿರುವುದಿಲ್ಲ. ಕಲ್ಲಿಗೆ, ಗಾಜಿಗೆ, ಎಲ್ಲಕ್ಕಿಂತ ಜಾಸ್ತಿ ಸ್ಪಂಜಿಗೆ ಅಂಟಿಕೊಂಡಿರುತ್ತವೆ. ನಾವು ದುಡ್ಡು ಕೊಟ್ಟು ತೊಳೆಸುತ್ತಿದ್ದ ಆ ಕಂದು ಲೋಳೆಯಲ್ಲೇ ಅವು ಇದ್ದವು! ಪ್ರತಿ ತಿಂಗಳೂ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಅವನ್ನು ಕೊಂದು, ಹೊಳೆಯುವ ಟ್ಯಾಂಕಿಗೆ ಮೀನನ್ನು ಮರಳಿ ಬಿಡುತ್ತಿದ್ದೆವು. ಆ ಹುಡುಗನದು ತಪ್ಪು ಎನ್ನಲಾರೆ. ಎಲ್ಲ ಮನೆಯವರೂ ಅವನಿಂದ ಕೇಳುತ್ತಿದ್ದದ್ದು ಹೊಳಪನ್ನೇ.

ಹೊಸದಾಗಿ ಶುರು ಮಾಡಿದೆ. ಎರಡೇ ಮೀನು, ಒಂದು ಸ್ಪಂಜ್ ಫಿಲ್ಟರ್, ಹನಿ ಹಾಕಿ ಬಣ್ಣ ನೋಡುವ ಒಂದು ಟೆಸ್ಟ್ ಕಿಟ್. ಮೊದಲ ವಾರವೇ ಅಮೋನಿಯ ಏರಿತು. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿದೆ. ಊಟ ದಿನಕ್ಕೆ ಒಂದೇ ಸಲ, ಚಿಟಿಕೆಯಷ್ಟು. ಮೂರನೇ ವಾರ ಅಮೋನಿಯ ಇಳಿದು ನೈಟ್ರೈಟ್ ಏರಿತು. ಮೀನಿನ ರಕ್ತ ಆಮ್ಲಜನಕ ಹೊರುವುದನ್ನು ನೈಟ್ರೈಟ್ ತಡೆಯುತ್ತದೆ, ಅದಕ್ಕೇ ಅವು ಮೇಲೆ ಬಂದು ಬಾಯಿ ಬಿಡುತ್ತವೆ. ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನೊಳಗೆ ಸುಲಭಕ್ಕೆ ಹೋಗುವುದಿಲ್ಲ. ಆರನೇ ವಾರದಲ್ಲಿ ಎರಡೂ ಸೊನ್ನೆ. ಆ ದಿನ ಟೆಸ್ಟ್ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗಳಿಗೂ ತೋರಿಸಿದೆ. ನೀರು ಮಾತ್ರ ಮೊದಲ ದಿನದಿಂದಲೂ ತಿಳಿಯಾಗೇ ಇತ್ತು. ಕಣ್ಣಿಗೆ ತಿಳಿಯಾಗಿ ಕಂಡ ನೀರು ಮೀನಿಗೆ ಒಳ್ಳೆಯದು ಅಂತ ನಂಬಬೇಡಿ ಎಂದು ಎಲ್ಲರಿಗೂ ಹೇಳುವುದು ಅದಕ್ಕೇ.

ಈಗ ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಪೈಪ್‌ನಿಂದ ತಳದ ಹೊಲಸು ಎಳೆಯುತ್ತಾ ಕಾಲು ಭಾಗ ನೀರು ತೆಗೆಯುತ್ತೇನೆ. ಸ್ಪಂಜಿನಿಂದ ಗುಳ್ಳೆ ಬರುವುದು ಕಡಿಮೆಯಾದಾಗ ಮಾತ್ರ, ಹಾಗೆ ತೆಗೆದ ನೀರಿನಲ್ಲೇ ಎರಡು ಸಲ ಮೆಲ್ಲಗೆ ಹಿಂಡುತ್ತೇನೆ. ನಲ್ಲಿ ನೀರು ಅದಕ್ಕೆ ಸೋಕಬಾರದು. ಆ ಕೊಳೆ ನೀರು ಬಾಲ್ಕನಿಯ ತುಳಸಿಗೆ, ಕರಿಬೇವಿಗೆ.

ಇನ್ನು ಮುಂಬೈಯ ನೀರು. ತಾನ್ಸಾ, ಭಾತ್ಸಾ, ವೈತರಣಾ ಕಡೆಯ ಕೆರೆ-ಅಣೆಕಟ್ಟುಗಳಿಂದ ಬಂದು ಶುದ್ಧವಾಗಿ ಮನೆಗೆ ತಲುಪುವ ಈ ನೀರು ಮೆದು. ಕ್ಲೋರಿನ್ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕೆಲವು ದಿನ ನಲ್ಲಿ ಬಿಟ್ಟ ಕೂಡಲೇ ವಾಸನೆ ಹೊಡೆಯುತ್ತದೆ. ನಾನು ಶನಿವಾರವೇ ಬಕೆಟ್ ತುಂಬಿಟ್ಟು, ಗಾಳಿ ಕಲ್ಲು ಹಾಕಿ ಇಡೀ ರಾತ್ರಿ ಗುಳ್ಳೆ ಬಿಡುತ್ತೇನೆ. ವಾಸನೆ ಜೋರಿದ್ದರೆ ಆಂಟಿ ಕ್ಲೋರಿನ್ ಹನಿಯನ್ನೂ ಹಾಕುತ್ತೇನೆ. ಸೊಸೈಟಿಯ ನೀರಿನ ಟ್ಯಾಂಕ್ ತೊಳೆದ ವಾರ ಮಾತ್ರ ನೀರು ಬದಲಿಸಲು ಹೋಗುವುದಿಲ್ಲ.

ಮೆದು ನೀರಿನ ಇನ್ನೊಂದು ಗುಣ ನನಗೆ ತಡವಾಗಿ ತಿಳಿಯಿತು. ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೇಟ್ ಮಾಡುತ್ತಾ ಹೋದಂತೆ ನೀರು ನಿಧಾನಕ್ಕೆ ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಗಡಸು ನೀರು ಅದನ್ನು ತಡೆದುಕೊಳ್ಳುತ್ತದೆ, ಮೆದು ನೀರಿಗೆ ಆ ಶಕ್ತಿ ಇಲ್ಲ. ಒಮ್ಮೆ ಊರಿಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದಾಗ 6ಕ್ಕೆ ಇಳಿದಿತ್ತು. ಅಷ್ಟು ಹುಳಿಯಲ್ಲಿ ಬ್ಯಾಕ್ಟೀರಿಯಾದ ಕೆಲಸ ಕುಂಟುತ್ತದೆ, ಅಮೋನಿಯ ಸೇರುತ್ತಾ ಹೋಗುತ್ತದೆ. ಆದರೆ ಹುಳಿ ನೀರಿನಲ್ಲಿ ಅದರ ವಿಷ ಕಡಿಮೆ, ಮೀನು ಹೇಗೋ ಬದುಕಿರುತ್ತದೆ. ಅಯ್ಯೋ ಪಾಪ ಅಂತ ಒಂದೇ ಸಲ ಅರ್ಧ ಟ್ಯಾಂಕ್ ಹೊಸ ನೀರು ಸುರಿದರೆ ಪಿಎಚ್ ಜಿಗಿದು ಆ ವಿಷವೆಲ್ಲ ಎದ್ದು ಬರುತ್ತದೆ. ನಾನು ದಿನಕ್ಕೆ ಎರಡು ಮಗ್‌ನಂತೆ ಹತ್ತು ದಿನ ಹೊಸ ನೀರು ಸೇರಿಸಿದೆ.

ಅದೇ ಹೊತ್ತಿಗೆ ಅಮ್ಮ ಊರಿಂದ ಬಂದಿದ್ದಳು. ಮಂಗಳೂರಿನ ಕಡೆ ನಾವು ಮರುವಾಯಿ ಅನ್ನುವುದನ್ನು ಇಲ್ಲಿನ ಮಾರ್ಕೆಟ್‌ನಲ್ಲಿ ತಿಸ್ರ್ಯಾ ಅನ್ನುತ್ತಾರೆ. ಅಮ್ಮ ಅದರ ಸುಕ್ಕ ಮಾಡಿದ್ದಳು. “ಚಿಪ್ಪು ಬಿಸಾಡಬೇಡಮ್ಮಾ,” ಎಂದೆ. ಉಪ್ಪು ಖಾರವೆಲ್ಲ ಹೋಗುವಂತೆ ತೊಳೆದು, ಎರಡು ಸಲ ಕುದಿಸಿ, ಬಿಸಿಲಿಗೆ ಒಣಗಿಸಿ, ಒಂದು ಹಿಡಿಯನ್ನು ಬಲೆ ಚೀಲದಲ್ಲಿ ಕಟ್ಟಿ ಸ್ಪಂಜಿನ ಪಕ್ಕ ಇಟ್ಟೆ. ಚಿಪ್ಪಿನ ಸುಣ್ಣ ನೀರು ಹುಳಿಯಾದಷ್ಟೂ ಕರಗುತ್ತದೆ, ಹುಳಿ ತಗ್ಗಿದರೆ ಕರಗುವುದೂ ತಗ್ಗುತ್ತದೆ. ಆಮೇಲೆ ನನ್ನ ಪಿಎಚ್ 7ರ ಕೆಳಗೆ ಹೋಗಿಲ್ಲ. ನಿಯಾನ್ ಟೆಟ್ರಾದಂಥ ಮೆದು ನೀರಿನ ಮೀನು ಸಾಕುವವರಿಗೆ ಮಾತ್ರ ಇದು ಬೇಡ.

2020ರ ಅಕ್ಟೋಬರ್ 12ರ ಬೆಳಗ್ಗೆ ಮುಂಬೈಗೆ ಮುಂಬೈಯೇ ಕರೆಂಟ್ ಇಲ್ಲದೆ ನಿಂತಿತಲ್ಲ, ಆ ದಿನ ಏರ್ ಪಂಪ್ ಕೂಡ ನಿಂತಿತು. ಮಗಳು, ನಾನು ಪಾಳಿಯಲ್ಲಿ ಮಗ್‌ನಿಂದ ನೀರೆತ್ತಿ ಮೇಲಿನಿಂದ ಸುರಿಯುತ್ತಾ ಕೂತೆವು. ಊಟ ಹಾಕಲಿಲ್ಲ. ಒಂದು ಮೀನೂ ಸಾಯಲಿಲ್ಲ. ಮರುವಾರವೇ ಬ್ಯಾಟರಿ ಪಂಪ್ ತಂದಿಟ್ಟೆ. ಮೇ ತಿಂಗಳಲ್ಲೂ ಅದು ಬೇಕಾಗುತ್ತದೆ, ಬಿಸಿ ನೀರು ಆಮ್ಲಜನಕ ಕಡಿಮೆ ಹಿಡಿಯುತ್ತದೆ.

ಗೋಲ್ಡ್‌ಫಿಶ್‌ಗೆ ಎರಡಡಿ ಟ್ಯಾಂಕ್ ಸಾಲದು ಅಂತ ಗೊತ್ತಾದ ಮೇಲೆ ಅವೆರಡನ್ನು ಮೂರಡಿಯ ದೊಡ್ಡ ಟ್ಯಾಂಕಿಗೆ ಬಿಟ್ಟೆವು. ಹೊಸ ಟ್ಯಾಂಕಿಗೆ ಆರು ವಾರ ಕಾಯಬೇಕಾಗಲಿಲ್ಲ. ಹಳೆಯ ಸ್ಪಂಜನ್ನು ಹಾಗೇ ಎತ್ತಿ ಅದರಲ್ಲಿಟ್ಟೆ. ಮೇಲಿನ ಮಹಡಿಯವರು ಹೊಸದಾಗಿ ಮೀನು ತಂದಾಗಲೂ ಅದರದ್ದೇ ಒಂದು ತುಂಡು ಕತ್ತರಿಸಿ, ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ, ಡಬ್ಬಿಯಲ್ಲಿ ಕೊಟ್ಟು ಬಂದೆ.