ಒಂದೇ ಕರೆಂಟ್ ತಂತಿ, ಹಲವು ಕೋಣೆಗೆ ನೆಟ್: ಹಂಚುವುದು ಹೇಗೆ?

ಕೊಡಗಿನ ಹಳೇ ಮನೆಗಳ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈಗೆ ಸುಸ್ತು. ಹೋಮ್‌ಸ್ಟೇ ನಡೆಸುವವರಿಗೆ ಇದು ದಿನಾ ಇರುವ ತಲೆನೋವು. ಕರೆಂಟ್ ತಂತಿಯಲ್ಲೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್ ಇದಕ್ಕೊಂದು ದಾರಿ: ಒಂದು ರೂಟರ್ ಪಕ್ಕ, ಇನ್ನೊಂದು ಕೋಣೆಯಲ್ಲಿ. ಆದರೆ ಡಬ್ಬದ ಮೇಲೆ 200 ಎಂಬಿಪಿಎಸ್ ಅಂತ ಬರೆದಿದ್ದರೆ ಅದು ಎಲ್ಲ ಕೋಣೆಗೂ ಸೇರಿ. ಅಷ್ಟೂ ಕೈಗೆ ಸಿಗುವುದಿಲ್ಲ ಬಿಡಿ.

ಮೊದಲು ಫೇಸ್ ನೋಡಿ. ಮೂರು ಫೇಸ್ ಇರುವ ಮನೆಯಲ್ಲಿ ರೂಟರ್ ಪಕ್ಕದ ಪ್ಲಗ್, ಕೋಣೆಯ ಪ್ಲಗ್ ಎರಡೂ ಒಂದೇ ಫೇಸ್‌ನಲ್ಲಿದ್ದರೆ ಒಳ್ಳೆಯದು. ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಸುಮ್ನೆ ಬೋರ್ಡ್ ಬಿಚ್ಚಬೇಡಿ. ಅಡಾಪ್ಟರನ್ನು ನೇರ ಗೋಡೆಯ ಪಾಯಿಂಟಿಗೇ ಹಾಕಿ. ಸ್ಪೈಕ್ ಗಾರ್ಡ್‌ನ ಫಿಲ್ಟರ್ ಸಿಗ್ನಲನ್ನೇ ನುಂಗಿಬಿಡುತ್ತದೆ. ಆಮೇಲೆ ಎರಡೂ ಅಡಾಪ್ಟರ್‌ಗಳ ಪೇರ್ ಬಟನ್ ಒತ್ತಿ.

ಈಗ ಸರದಿಯ ವಿಷಯ. ಹೋಮ್‌ಪ್ಲಗ್ ಎವಿ ಎಂಬ ಮಾನದಂಡದ ಅಡಾಪ್ಟರ್‌ಗಳು ಡೇಟಾ ಕಳಿಸುವ ಮುಂಚೆ ತಂತಿ ಖಾಲಿ ಇದೆಯಾ ಅಂತ ಕೇಳಿಸಿಕೊಳ್ಳುತ್ತವೆ. ಖಾಲಿಯಾದ ಕೂಡಲೇ ತಮ್ಮ ಡೇಟಾ ಎಷ್ಟು ತುರ್ತು ಎಂದು ಸಾರುತ್ತವೆ. ಇದರಲ್ಲಿ 4 ದರ್ಜೆ. ಮೇಲಿನ ದರ್ಜೆಯದು ಇದ್ದರೆ ಉಳಿದವು ಕಾಯಬೇಕು. ಒಂದೇ ದರ್ಜೆಯವು ಹಲವಿದ್ದರೆ ಪ್ರತಿಯೊಂದೂ ಮನಸ್ಸಿಗೆ ಬಂದ ಸಂಖ್ಯೆ ಹಿಡಿದು ಇಳಿಎಣಿಕೆ ಮಾಡುತ್ತದೆ, ಮೊದಲು ಸೊನ್ನೆ ತಲುಪಿದ್ದಕ್ಕೆ ತಂತಿ. ಶುರುವಿನಲ್ಲಿ 8 ಸಂಖ್ಯೆಗಳಲ್ಲಿ ಒಂದು. ಕಾಯುವವರ ಗದ್ದಲ ಜಾಸ್ತಿಯಾದರೆ 16, 32, ಸಾಮಾನ್ಯ ಡೇಟಾಕ್ಕೆ 64ರವರೆಗೂ. ವೈಫೈ ಡಿಕ್ಕಿಯಾದ ಮೇಲಷ್ಟೇ ಹೀಗೆ ಹಿಂದೆ ಸರಿಯುತ್ತದೆ. ಇವು ಡಿಕ್ಕಿಯಾಗದಿದ್ದರೂ ತಂತಿ ಬಿಡುವಿಲ್ಲದ್ದು ಕಂಡರೆ ಸರಿಯುತ್ತವೆ. ಜಾಣತನ ಅಲ್ವಾ?

ಹಾಗಾಗಿ ಪೈಪೋಟಿಗೆ ನಿಲ್ಲುವ ಅಡಾಪ್ಟರ್ ಕಡಿಮೆ ಇದ್ದಷ್ಟೂ ವಾಸಿ. ಒಂದು ಕೋಣೆಯ ಟಿವಿಗೂ ಲ್ಯಾಪ್‌ಟಾಪಿಗೂ ಬೇರೆ ಬೇರೆ ಅಡಾಪ್ಟರ್ ಬೇಡ, ಎರಡು ಪೋರ್ಟ್ ಇರುವುದು ಒಂದು ಸಾಕು.

ನಿಜವಾದ ಕಿರಿಕಿರಿ ದೂರದ ಕೋಣೆಯದು. ಅಲ್ಲಿ ಸಿಗ್ನಲ್ ಕುಗ್ಗಿರುತ್ತದೆ, ಅದೇ ಸಿನಿಮಾ ಕಳಿಸಲು ತಂತಿ ಜಾಸ್ತಿ ಹೊತ್ತು ಬೇಕು. ಆ ಹೊತ್ತು ಉಳಿದವರ ಪಾಲಿನಿಂದಲೇ ಹೋಗುವುದು. ಅಂಥ ಕೋಣೆಗೆ ಲ್ಯಾನ್ ಕೇಬಲ್ ಎಳೆಸುವುದೇ ಮೇಲು, 100 ಮೀಟರ್‌ವರೆಗೆ ತೊಂದರೆಯಿಲ್ಲ. ಆಗದಿದ್ದರೆ ರೂಟರ್‌ನಲ್ಲಿ ಆ ಕೋಣೆಯ ಡೌನ್‌ಲೋಡ್‌ಗೆ ಮಿತಿ ಹಾಕಿ.

ಮೋಟಾರ್ ಕೂಡ ತಂತಿಯ ಸಿಗ್ನಲ್ ಕೆಡಿಸಬಹುದು. ಕೊನೆಗೆ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮೋಟಾರ್ ಹಾಕಿ ಒಮ್ಮೆ ವೇಗ ಅಳೆಯಿರಿ, ನಿಲ್ಲಿಸಿ ಇನ್ನೊಮ್ಮೆ. ತುಂಬಾ ವ್ಯತ್ಯಾಸ ಕಂಡರೆ ಅದರ ಸಾಲಿನಿಂದ ಅಡಾಪ್ಟರನ್ನು ಬೇರೆ ಪಾಯಿಂಟಿಗೆ ಬದಲಿಸಿ. ಗುಡುಗು ಸಿಡಿಲಿನ ದಿನ ಮಾತ್ರ ಎಲ್ಲವನ್ನೂ ಕಿತ್ತಿಡಿ.