ಕಳಲೆಗೆ ಮೂರು ದಿನ, ನನಗೆ ಅರವತ್ತು ಸೆಕೆಂಡು

2020ರ ಜೂನ್ 29ರ ರಾತ್ರಿ ಟಿಕ್‌ಟಾಕ್ ನಿಷೇಧದ ಸುದ್ದಿ ಬಂದಾಗ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಲಾಕ್‌ಡೌನ್ ಆಗಿ ಹಾಸ್ಟೆಲ್ ಮುಚ್ಚಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ವಾಪಸ್ ಬಂದಿದ್ದೆ. ಹಾಡಿಗೆ ತುಟಿ ಆಡಿಸಿ, ಹಾವಭಾವ ಮಾಡಿ ಸೇರಿಸಿಕೊಂಡಿದ್ದ ಹನ್ನೊಂದು ಸಾವಿರ ಫಾಲೋವರ್ಸ್ ಎರಡೇ ದಿನದಲ್ಲಿ ಇಲ್ಲವಾದರು. ಜಗಲಿಯಲ್ಲಿ ಕೂತು ಅಳುತ್ತಿದ್ದೆ. ಅಮ್ಮ ಬಂದು, "ಎದ್ದು ಬಾ ಮಾರಾಯ್ತಿ, ಕಳಲೆ ಹೆಚ್ಚೋಕೆ ಕೈ ಸೇರ್ಸು" ಅಂದಳು. ಕಳಲೆ ಅಂದರೆ ಬಿದಿರಿನ ಎಳೆ ಮೊಳಕೆ. ಆ ಕಳಲೆ ಹೆಚ್ಚಿದ್ದೇ ನನ್ನ ಮೊದಲ ಯೂಟ್ಯೂಬ್ ವೀಡಿಯೊ.

ಇವತ್ತು ಅಡುಗೆಯ ವೀಡಿಯೊ ಮಾಡುವುದೇ ನನ್ನ ಕಸುಬು. ಕಾಲೇಜು ಹುಡುಗಿಯರು "ಅಕ್ಕ, ಹೇಗೆ ಶುರು ಮಾಡೋದು" ಅಂತ ವಾರಕ್ಕೆ ನಾಲ್ಕೈದು ಮೆಸೇಜ್ ಹಾಕುತ್ತಾರೆ. ಇದು ಅವರಿಗಾಗಿ.

ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ ಇದೆ, ಅದರ ಮೇಲೆ ಹತ್ತಿದರೆ ಎರಡು ಕಡ್ಡಿ ಸಿಗುತ್ತಿತ್ತು. ಆನ್‌ಲೈನ್ ಕ್ಲಾಸ್ ಕೇಳಿದ್ದೂ ಅಲ್ಲೇ, ವೀಡಿಯೊ ಅಪ್‌ಲೋಡ್ ಮಾಡಿದ್ದೂ ಅಲ್ಲೇ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತದಿರಲಿ ಅಂತ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಹೋಗಿ, ಕೊಡೆ ಕೆಳಗೆ ಫೋನ್ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಅದಕ್ಕಿಂತ ದೊಡ್ಡ ಕಷ್ಟ ಅಂದರೆ ಧ್ವನಿ. ಹಂಚಿನ ಮೇಲೆ ಮಳೆ ಹೊಯ್ಯುವಾಗ ಮಾತಾಡಿದ್ದು ಒಂದೂ ಕೇಳುವುದಿಲ್ಲ. ಕೊನೆಗೆ ಚಿತ್ರ ಹಗಲು ತೆಗೆದು, ಮಾತನ್ನು ಮಾತ್ರ ರಾತ್ರಿ ಒಳಕೋಣೆಯಲ್ಲಿ ಕಂಬಳಿ ಹೊದ್ದು ಕಾಲರ್ ಮೈಕಿನಲ್ಲಿ ರೆಕಾರ್ಡ್ ಮಾಡುವುದು ರೂಢಿಯಾಯಿತು. ಕ್ಯಾಮೆರಾಗೆ ದುಡ್ಡು ಹಾಕುವ ಮೊದಲು ಮೈಕಿಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಚಿತ್ರ ಸ್ವಲ್ಪ ಮಂಜಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ.

ಮೊದಲ ಒಂದು ವರ್ಷ ಪ್ರತಿ ವೀಡಿಯೊವನ್ನೂ "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಅಂತ ಶುರು ಮಾಡಿ, ಮನೆ, ತೋಟ, ಹವಾಮಾನ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಒಂದು ನಿಮಿಷ ಆಗುತ್ತಿತ್ತು. ಯೂಟ್ಯೂಬ್ ಸ್ಟುಡಿಯೊ ಆ್ಯಪ್‌ನಲ್ಲಿ ಜನ ಎಷ್ಟು ಹೊತ್ತು ನೋಡಿದರು ಅಂತ ತೋರಿಸುವ ಗೆರೆ ಇರುತ್ತದೆ. ಅರ್ಧ ಜನ ಆ ನಿಮಿಷದೊಳಗೇ ಎದ್ದು ಹೋಗುತ್ತಿದ್ದರು. ಆಮೇಲೆ ಸೀದಾ ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಮುಂದಿನಿಂದಲೇ ಶುರು ಮಾಡಿದೆ. ನಮಸ್ಕಾರವನ್ನು ಕೊನೆಗೆ ಇಟ್ಟೆ.

ಆಗ ಜಾಹೀರಾತಿನ ಹಣ ಬರಬೇಕಾದರೆ ಸಾವಿರ ಸಬ್‌ಸ್ಕ್ರೈಬರ್ಸ್ ಜೊತೆಗೆ ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ ಆಗಿರಬೇಕಿತ್ತು. ಸಾವಿರ ಬೇಗ ಆಯಿತು. ಗಂಟೆಗಳು ತುಂಬಲು ಹದಿನಾರು ತಿಂಗಳು ಹಿಡಿಯಿತು, ಯಾಕೆಂದರೆ ಹಳೆಯ ತಿಂಗಳ ಗಂಟೆಗಳು ಹಿಂದಿನಿಂದ ಉದುರುತ್ತಾ ಹೋಗುತ್ತವೆ. ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಗೂಗಲ್ ಅಂಚೆಯಲ್ಲಿ ಒಂದು ಪಿನ್ ಕಳಿಸುತ್ತದೆ. ಮೊದಲ ಕಾಗದ ಬರಲೇ ಇಲ್ಲ. ಎರಡನೆಯದನ್ನು ಪೋಸ್ಟ್‌ಮ್ಯಾನ್ ಅಣ್ಣ ಅಪ್ಪನ ಕೈಗೇ ಕೊಟ್ಟರಂತೆ. ಮಗಳು ಫೋನ್ ಹಿಡಿದು ಕಾಲ ಕಳೆಯುತ್ತಾಳೆ ಅಂತ ಬೈಯುತ್ತಿದ್ದ ಅಪ್ಪ ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು, ನಾನು ತೋಟದಿಂದ ಬರುವ ತನಕ ಒಡೆಯದೆ ಕಾದಿದ್ದರು. ನೂರು ಡಾಲರ್ ಆಗಿ ದುಡ್ಡು ಬ್ಯಾಂಕಿಗೆ ಬಂದದ್ದು ಮತ್ತೂ ನಾಲ್ಕು ತಿಂಗಳ ಮೇಲೆ.

ಇನ್ನು ಶಾರ್ಟ್ಸ್, ಅಂದರೆ ಯೂಟ್ಯೂಬಿನ ಚಿಕ್ಕ ವೀಡಿಯೊದ ವಿಷಯ. ನನ್ನ ಕೆಲಸವನ್ನು ನಿಜವಾಗಿ ತಿದ್ದಿದ್ದು ಅದು.

2022ರ ಮಳೆಗಾಲ. ಕಳಲೆ ಪಲ್ಯದ ಒಂದು ಶಾರ್ಟ್ಸ್ ಹಾಕಿದೆ. ಆಗ ಅರವತ್ತು ಸೆಕೆಂಡಿನ ಮಿತಿ. ಸಿಪ್ಪೆ ಸುಲಿಯುವುದು, ಬೆಳ್ಳಗಿನ ತಿರುಳನ್ನು ಬಿಲ್ಲೆ ಮಾಡುವುದು, ಒಗ್ಗರಣೆಯ ಚಟಪಟ, ಹಬೆಯಾಡುವ ಬಾಣಲೆ. ನೋಡಲು ಚೆಂದವಾಗಿತ್ತು. ಒಂದೇ ವಾರದಲ್ಲಿ ಹತ್ತು ಲಕ್ಷ ದಾಟಿತು. ಅದನ್ನು ಕತ್ತರಿಸುವಾಗ ನಾನು ತೆಗೆದುಹಾಕಿದ್ದು ಒಂದನ್ನೇ: ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕುವುದು. ನೀರಿನ ಪಾತ್ರೆ ನೋಡಲು ಯಾರಿಗೂ ಇಷ್ಟವಿರುವುದಿಲ್ಲ, ಗೆರೆ ಅಲ್ಲೇ ಕುಸಿಯುತ್ತದೆ ಅಂತ ಗೊತ್ತಿತ್ತು.

ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ನೆನೆಸಿ, ಚೆನ್ನಾಗಿ ಬೇಯಿಸಿದರೆ ಮಾತ್ರ ಅದು ಹೋಗುತ್ತದೆ. ನಮ್ಮ ಕಡೆ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ನೆನೆಸದೆ ಮಾಡುವವರೇ ಇಲ್ಲ. ಆದರೆ ನನ್ನ ವೀಡಿಯೊ ನಮ್ಮ ಕಡೆ ದಾಟಿ ಹೋಗಿತ್ತು. ಬೆಂಗಳೂರಿನ ಒಬ್ಬ ಹೆಂಗಸು ಮಾರ್ಕೆಟ್ಟಿನಿಂದ ಕಳಲೆ ತಂದು, ನಾನು ತೋರಿಸಿದ ಹಾಗೇ ಹೆಚ್ಚಿ ಬಾಣಲೆಗೆ ಹಾಕಿದ್ದರು. "ಕಹಿ ಅಂತ ಎರಡು ತುತ್ತಿಗೇ ಬಿಟ್ಟೆವಮ್ಮ, ಆದರೂ ಮಗನಿಗೆ ರಾತ್ರಿಯಿಡೀ ವಾಂತಿ" ಅಂತ ಬರೆದಿದ್ದರು. ಬೈದಿರಲಿಲ್ಲ. ತಾನು ಏನು ತಪ್ಪು ಮಾಡಿದೆ ಅಂತ ನನ್ನನ್ನೇ ಕೇಳಿದ್ದರು.

ಗುಡ್ಡದ ಬಂಡೆಯ ಮೇಲೆ ಕೂತು ಅದನ್ನು ಓದಿದೆ. ಕೈ ನಡುಗುತ್ತಿತ್ತು. ಮಗು ಹುಷಾರಾಗಿದೆ ಅಂತ ಉತ್ತರ ಬರುವ ತನಕ ಕೆಳಗಿಳಿಯಲಿಲ್ಲ. ಆ ಸಂಜೆಯೇ ಶಾರ್ಟ್ಸ್ ಅಳಿಸಿದೆ. ಅಷ್ಟು ನೋಟ ಬಂದದ್ದನ್ನು ಯಾಕೆ ಅಳಿಸಿದೆ, ಕೆಳಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲ ಅಂತ ಗೆಳತಿಯರು ಕೇಳಿದರು. ಕೆಳಗಿನ ಸಾಲನ್ನು ಯಾರು ಓದುತ್ತಾರೆ?

ಆಮೇಲೆ ಮೂರು ದಿನದ ಮೂರು ನೀರನ್ನೂ ತೋರಿಸಿ ಹದಿನಾಲ್ಕು ನಿಮಿಷದ ವೀಡಿಯೊ ಮಾಡಿದೆ. ಅಜ್ಜಿ ಪ್ರತಿ ದಿನ ನೀರಿನ ಬಣ್ಣ ನೋಡಿ, ಮೂಸಿ, ಆಯಿತೋ ಇಲ್ಲವೋ ಅಂತ ಹೇಳುತ್ತಾಳೆ. ಶಾರ್ಟ್ಸ್‌ನ ಹತ್ತರಲ್ಲೊಂದು ಪಾಲೂ ಓಡಲಿಲ್ಲ. ಆದರೆ ಪ್ರತಿ ವರ್ಷ ಜೂನ್ ಕೊನೆಗೆ ತಾನಾಗಿ ಮೇಲೇಳುತ್ತದೆ, ಅಮೆರಿಕ, ದುಬೈಯಲ್ಲಿರುವ ನಮ್ಮವರು ಹುಡುಕಿಕೊಂಡು ಬಂದು ಕೊನೆಯವರೆಗೂ ನೋಡುತ್ತಾರೆ. ಕೆಸುವಿನ ಪತ್ರೊಡೆಗೂ ಹಾಗೇ ಮಾಡಿದೆ: ಹುಳಿ ಸಾಕಷ್ಟು ಬೀಳದಿದ್ದರೆ ಗಂಟಲು ತುರಿಸುತ್ತದೆ ಅನ್ನುವುದನ್ನು ಮೊದಲ ನಿಮಿಷದಲ್ಲೇ ಹೇಳಿದೆ. ನನ್ನ ಖಾಯಂ ವೀಕ್ಷಕರು ಬಂದದ್ದು ಇಂಥ ವೀಡಿಯೊಗಳಿಂದ. ಶಾರ್ಟ್ಸ್‌ನಿಂದ ಬಂದ ಸಾವಿರಾರು ಸಬ್‌ಸ್ಕ್ರೈಬರ್ಸ್‌ನಲ್ಲಿ ಹೆಚ್ಚಿನವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಪ್ರಚಾರದ ಕರೆಗಳು ಬರುತ್ತಲೇ ಇರುತ್ತವೆ. ಬೆಟ್ಟಿಂಗ್ ಆ್ಯಪ್ ಒಂದರವರು ನನ್ನ ಆರು ತಿಂಗಳ ಗಳಿಕೆಯನ್ನು ಒಂದು ರೀಲ್‌ಗೆ ಕೊಡುತ್ತೇವೆ ಅಂದಿದ್ದರು. ಬೇಡ ಅಂದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನೇ 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿತು. ದುಡ್ಡು ಪಡೆದು ಮಾಡಿದ್ದಕ್ಕೆ ಜಾಹೀರಾತು ಅಂತ ಎದ್ದು ಕಾಣುವಂತೆ ಬರೆಯಲೇಬೇಕು. ಒಂದೇ ಕಂಪನಿಯಿಂದ ವರ್ಷಕ್ಕೆ ಇಪ್ಪತ್ತು ಸಾವಿರ ರೂಪಾಯಿ ಮೀರಿದ ಉಡುಗೊರೆ ಬಂದರೆ ತೆರಿಗೆಯ ಲೆಕ್ಕವೂ ಇದೆ. ಬಿ.ಕಾಂ. ಓದಿದ್ದು ಇಲ್ಲಿ ಕೈ ಹಿಡಿಯಿತು.

ಈ ಮಳೆಗಾಲವೂ ಕಳಲೆ ಬಂದಿದೆ. ಅಜ್ಜಿಗೆ ಕಣ್ಣು ಮಂಜಾಗಿದೆ, ನೀರಿನ ಬಣ್ಣ ಸರಿಯಾಗಿ ಕಾಣುವುದಿಲ್ಲ. ಇವತ್ತು ಎರಡನೇ ನೀರು. ಪಾತ್ರೆಯನ್ನು ಅವಳ ಮೂಗಿನ ಹತ್ತಿರ ಹಿಡಿದೆ. "ಇನ್ನೂ ಇಲ್ಲ, ನಾಳೆ ನೋಡೋಣ" ಅಂದಳು. ಕ್ಯಾಮೆರಾ ಓಡುತ್ತಿತ್ತು. ಅಷ್ಟನ್ನೂ ಹಾಗೇ ಇಟ್ಟಿದ್ದೇನೆ.