ಭಾನುವಾರದ ಆರಾಧನೆಗೆ ಶನಿವಾರ ಸಂಜೆಯೇ ತಯಾರಿ

ಎಲ್ಲರಿಗೂ ವಂದನೆಗಳು. ಯೇಸುಸ್ವಾಮಿಯ ಹಾಗೆ ಬದುಕಬೇಕು ಅಂತ ನಾವೆಲ್ಲ ಹೇಳುತ್ತೇವೆ. ಎಲ್ಲಿಂದ ಶುರು ಮಾಡುವುದು? ಶನಿವಾರ ಸಂಜೆಯಿಂದ ಅನ್ನೋದು ನನ್ನ ಸಲಹೆ.

ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಅಂತ ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಯೇಸು ಹೇಳಿದ್ದಾರೆ (ಮತ್ತಾಯ 5:23-24). ನಮಗೆ ಸಿಟ್ಟಿದ್ದರೆ ಅಂತಲ್ಲ, ಅವರಿಗೆ ನಮ್ಮ ಮೇಲೆ ಇದ್ದರೆ! ಇಲ್ಲೇ ನಾವು ಜಾರಿಕೊಳ್ಳೋದು, ಅಲ್ವಾ?

ಈ ವಾರ ಯಾರ ಮನಸ್ಸು ನೋಯಿಸಿದ್ದೀರಿ ಅಂತ ನೋಡಿ, ಅವರ ಮನೆಗೇ ಹೋಗಿ. ನೀವು ಹುಬ್ಬಳ್ಳಿ, ಅವರು ಧಾರವಾಡ ಆದರೆ ಚಿಗರಿ ಬಸ್ ಹತ್ತಿದರಾಯಿತು. ಸುಮ್ನೆ ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಕಳಿಸಿದರೆ ಸಾಲದು. "ನನ್ನಿಂದ ತಪ್ಪಾತ್ರಿ" ಅಂದು ಅಲ್ಲಿಗೇ ನಿಲ್ಲಿಸಿ. "ಆದ್ರ ನೀವೂ..." ಅಂತ ಮುಂದುವರಿಸಿದರೆ ಕೆಲಸ ಕೆಟ್ಟಿತು. ದುಡ್ಡಿನ ವಿಷಯವಾದರೆ ದುಡ್ಡು ಜೊತೆಗೇ ಒಯ್ಯಿರಿ. ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಯೇಸುವಿಗೆ ಹೇಳಿದವನು ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ (ಲೂಕ 19:8).

ಹೊರಡುವ ಮುಂಚೆ ಒಬ್ಬರೇ ಕೂತು ಪ್ರಾರ್ಥಿಸಿ. ಯೇಸು ಕೂಡ ಇನ್ನೂ ಕತ್ತಲಿರುವಾಗಲೇ ಎದ್ದು, ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು (ಮಾರ್ಕ 1:35).

ಅವರು ಮಾತಾಡಲು ಒಪ್ಪದಿದ್ದರೆ ಒತ್ತಾಯ ಬೇಡ. ಒಂದು ವಾರ ಬಿಟ್ಟು ಮತ್ತೆ ಹೋಗಿ.